ಊರಿಗೆ ಹೋಗುವ ನಾಲ್ಕನೆಯ ದಾರಿ

ಬೊರಿವಲಿಯಿಂದ ಕುಂದಾಪುರಕ್ಕೆ ಹೋಗಲು ನಮ್ಮಂಥವರಿಗೆ ಗೊತ್ತಿರುವ ದಾರಿಗಳು ಮೂರು. ಸಂಜೆ ಹೈವೇಯಲ್ಲಿ ಬ್ಯಾಗು ಹಿಡಿದು ನಿಂತು ಹತ್ತುವ ಸ್ಲೀಪರ್ ಬಸ್ಸು ಒಂದು. ಲೋಕಮಾನ್ಯ ತಿಲಕ್ ಟರ್ಮಿನಸ್‌ವರೆಗೆ ಹೋಗಿ ಹಿಡಿಯಬೇಕಾದ ಮತ್ಸ್ಯಗಂಧ ರೈಲು ಇನ್ನೊಂದು. ಹಬ್ಬದ ವಾರದಲ್ಲಿ ದರ ಕೇಳಿಯೇ ಎದೆ ಹೊಡೆದುಕೊಳ್ಳುವ ಮಂಗಳೂರು ವಿಮಾನ ಮೂರನೆಯದು. ಮೂರರಲ್ಲೂ ನಾವು ಮುಖ್ಯವಾಗಿ ಮಾಡುವ ಕೆಲಸ ನಿದ್ದೆ. ಪನ್ವೇಲ್ ದಾಟಿದ ಮೇಲೆ ಕಣ್ಣು ಮುಚ್ಚಿದರೆ ಕಾರವಾರವೋ ಭಟ್ಕಳವೋ ಬಂದಾಗ ಎಚ್ಚರ. ನಡುವಿನ ಆರೇಳು ನೂರು ಕಿಲೋಮೀಟರು ಕತ್ತಲೆ. ನಾನು ಹುಟ್ಟಿದಾರಭ್ಯ ನೂರು ಸಲವಾದರೂ ಈ ದಾರಿಯಲ್ಲಿ ಓಡಾಡಿರಬಹುದು. ಆದರೆ ನಡುವೆ ಏನಿದೆ ಎಂದು ಯಾರಾದರೂ ಕೇಳಿದ್ದರೆ 'ಚಿಪ್ಳೂಣದಲ್ಲಿ ಚಾ ಕುಡಿಯಲು ನಿಲ್ಲಿಸುತ್ತಾರೆ' ಎನ್ನುವುದಷ್ಟೇ ನನ್ನ ಉತ್ತರವಾಗಿತ್ತು.

ನಾಲ್ಕನೆಯ ದಾರಿಯೊಂದಿದೆ. ಕಡಲಿಗೆ ಅಂಟಿಕೊಂಡು, ಖಾಡಿಗಳನ್ನು ಬೋಟಿನಲ್ಲಿ ದಾಟುತ್ತ, ಒಮ್ಮೆ ಘಟ್ಟ ಹತ್ತಿ ಇಳಿದು ಮತ್ತೆ ಕಡಲಿಗೆ ಸೇರುವ ದಾರಿ. ಕಳೆದ ನವೆಂಬರಿನಲ್ಲಿ ನಾನು ಮತ್ತು ಕಾಂದಿವಲಿಯಲ್ಲಿರುವ ಗೆಳೆಯನೊಬ್ಬ ಬೈಕಿನಲ್ಲಿ ಆರು ದಿನ ತೆಗೆದುಕೊಂಡು ಈ ದಾರಿಯಲ್ಲಿ ಊರಿಗೆ ಹೋದೆವು. ಸಾವಿರ ಕಿಲೋಮೀಟರಿಗಿಂತ ತುಸು ಹೆಚ್ಚು. ಅವನು ಗೋಕಾಕದವನು, ನನ್ನ ಹಾಗೆಯೇ ಲ್ಯಾಪ್‌ಟಾಪಿನ ಮುಂದೆ ಕೂತು ಬೆನ್ನು ನೋಯಿಸಿಕೊಂಡವನು. ವಿಷಯ ಕೇಳಿದ ಅಪ್ಪಯ್ಯ ಹೇಳಿದ್ದು ಒಂದೇ ಮಾತು: "ಮಂಡೆ ಸಮ ಇತ್ತಾ ನಿಂಗೆ? ಬೈಕಂಗೆ ಊರಿಗ್ ಹೋಪ್ದಾ?"

ಈ ಹುಚ್ಚು ಹತ್ತಿದ್ದು ಆಫೀಸಿನಲ್ಲಿ. ಸಹೋದ್ಯೋಗಿಯೊಬ್ಬ ಸ್ಪೇನಿನ ದಕ್ಷಿಣದ ಆಂಡಲೂಸಿಯ ಪ್ರಾಂತದ ಬೈಕ್ ವಿಡಿಯೋಗಳನ್ನು ಕಳಿಸುತ್ತಿದ್ದ. ರೋಂಡಾ ಎಂಬ ಗುಡ್ಡದ ಊರಿನಿಂದ ಮೆಡಿಟರೇನಿಯನ್ ದಡದ ಸಾನ್ ಪೆದ್ರೊಗೆ ಇಳಿಯುವ ಎ-397 ರಸ್ತೆ ಯುರೋಪಿನ ಬೈಕ್ ಸವಾರರಿಗೆ ಯಾತ್ರಾಸ್ಥಳದಂತೆ. ಅದಕ್ಕಿಂತ ಪೂರ್ವಕ್ಕೆ ಸಿಯೆರಾ ನೆವಾಡಾ ಪರ್ವತ. ಅಲ್ಲಿ 3,479 ಮೀಟರ್ ಎತ್ತರದ ಹಿಮದ ಶಿಖರದಿಂದ ಕಡಲು ಹೆಚ್ಚು ದೂರವಿಲ್ಲ. ಬೆಳಿಗ್ಗೆ ಬೆಟ್ಟ, ಸಂಜೆ ಕಡಲು. ನೋಡಿ ಬಾಯಲ್ಲಿ ನೀರೂರಿತು ನಿಜ. ಆಮೇಲೆ ನಕ್ಷೆ ಬಿಡಿಸಿ ನೋಡಿದರೆ ಸಹ್ಯಾದ್ರಿಯೂ ಅರಬ್ಬೀ ಸಮುದ್ರವೂ ನಮ್ಮ ಮನೆಬಾಗಿಲಿಂದ ಊರಿನವರೆಗೂ ಜೊತೆಯಾಗಿಯೇ ಹೋಗುತ್ತವೆ. ಹೆಚ್ಚಿನ ಕಡೆ ಇವೆರಡರ ನಡುವಿನ ಅಂತರ ಐವತ್ತು ಅರವತ್ತು ಕಿಲೋಮೀಟರು, ಕಾರವಾರದ ಬಳಿಯಂತೂ ಬೆಟ್ಟವೇ ಕಡಲಿಗೆ ಬಂದು ನಿಂತಿದೆ.

ಒಂದು ದೊಡ್ಡ ವ್ಯತ್ಯಾಸವಿದೆ. ಸ್ಪೇನಿನ ಆ ಕರಾವಳಿ ಒಣ ಪ್ರದೇಶ. ಅದರ ಪೂರ್ವದ ತುದಿಯ ಅಲ್ಮೇರಿಯಾ ಯುರೋಪಿನಲ್ಲೇ ತೀರ ಕಡಿಮೆ ಮಳೆ ಬೀಳುವ ಜಾಗಗಳಲ್ಲೊಂದು. ಅಲ್ಲಿ ರಸ್ತೆ ಕಡಲ ದಂಡೆಯಲ್ಲಿ ಎಲ್ಲೂ ತುಂಡಾಗದೆ ಓಡುತ್ತದೆ. ನಮ್ಮಲ್ಲಿ ಸಹ್ಯಾದ್ರಿಯ ಮೇಲೆ ಸುರಿದ ಮಳೆಯೆಲ್ಲ ಗಿಡ್ಡ ಹೊಳೆಗಳಾಗಿ ಪಶ್ಚಿಮಕ್ಕೆ ಧುಮುಕುತ್ತದೆ. ಮೂವತ್ತು ನಲವತ್ತು ಕಿಲೋಮೀಟರಿಗೊಂದು ಹೊಳೆ. ಅದರ ಬಾಯಲ್ಲಿ ಭರತದ ನೀರು ಒಳನುಗ್ಗಿ ಅಗಲವಾದ ಖಾಡಿ. ರಸ್ತೆ ದಂಡೆಗೆ ಬಂದು ನಿಲ್ಲುತ್ತದೆ. ಎದುರಿನ ಊರು ಕೂಗಿದರೆ ಕೇಳಿಸುವಷ್ಟು ಹತ್ತಿರ ಕಾಣುತ್ತದೆ, ಸುತ್ತಿ ಹೋಗಬೇಕೆಂದರೆ ಗಂಟೆಗಳೇ ಬೇಕು. ಆದ್ದರಿಂದ ಈ ದಾರಿಯಲ್ಲಿ ಬೈಕಿನಷ್ಟೇ ಬೋಟೂ ಮುಖ್ಯ.

ಬೈಕಿಗೆ ಬಾಗಿಲು ಮುಚ್ಚಿದ ನಗರ

ಮುಂಬಯಿಯಿಂದ ದಕ್ಷಿಣಕ್ಕೆ ಹೊರಡುವ ಬೈಕ್ ಸವಾರನಿಗೆ ಮೊದಲ ಪಾಠ ನಗರದಲ್ಲೇ. ಬಾಂದ್ರಾ–ವರ್ಲಿ ಸೀ ಲಿಂಕಿನಲ್ಲಿ ದ್ವಿಚಕ್ರಕ್ಕೆ ಪ್ರವೇಶವಿಲ್ಲ. ಕೋಸ್ಟಲ್ ರೋಡಿನಲ್ಲಿಲ್ಲ. 2024ರ ಜನವರಿಯಲ್ಲಿ ಉದ್ಘಾಟನೆಯಾದ ಅಟಲ್ ಸೇತುವಿನಲ್ಲೂ ಇಲ್ಲ. ಹಾಗಾಗಿ ನಾವು ಬೆಳಗಿನ ಟ್ರಾಫಿಕ್ಕಿಗೆ ಮೊದಲೇ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಹಿಡಿದು ಮಾಝಗಾಂವ್‌ನ ಭಾವೂಚಾ ಧಕ್ಕಾ ತಲುಪಿದೆವು. ಅಲ್ಲಿಂದ ಮಾಂಡವಾಕ್ಕೆ ವಾಹನ ಸಾಗಿಸುವ ರೋ-ರೋ ಹಡಗು 2020ರಿಂದ ಓಡುತ್ತಿದೆ. ಬೈಕನ್ನು ಕೆಳಗೆ ನಿಲ್ಲಿಸಿ ಮೇಲೆ ಕೂತರೆ ಸುಮಾರು ಒಂದು ಗಂಟೆಯಲ್ಲಿ ಆಚೆ ದಡ. ಪೇಣ್ ಸುತ್ತುವ ಹೆದ್ದಾರಿಯ ಧೂಳು ತಪ್ಪುತ್ತದೆ.

ಈ ಧಕ್ಕೆಯಿಂದಲೇ ಹಿಂದೆ ಕೊಂಕಣದ ಸ್ಟೀಮರುಗಳು ಹೊರಡುತ್ತಿದ್ದವು. 1947ರ ಜುಲೈ 17, ಆಷಾಢ ಅಮಾವಾಸ್ಯೆಯ ದಿನ, ಇಲ್ಲಿಂದ ರೇವಸ್‌ಗೆ ಹೊರಟ 'ರಾಮದಾಸ್' ಎಂಬ ಹಡಗು ದಡ ಸೇರುವ ಮೊದಲೇ ಮಗುಚಿ ಆರು ನೂರಕ್ಕೂ ಹೆಚ್ಚು ಜನ ಸತ್ತರು. ಊರಿಗೆ ಹೋಗುವ ದಾರಿ ಒಂದು ಕಾಲದಲ್ಲಿ ಎಂಥದ್ದಾಗಿತ್ತು ಎಂಬುದು ಆ ನೀರಿನ ಮೇಲೆ ಕೂತಾಗ ನೆನಪಾಗದೆ ಇರದು.

ಅಲಿಬಾಗ್ ದಾಟಿದ ಮೇಲೆ ರೇವದಂಡಾ, ಕೋರ್ಲಾಯಿ. ಕೋರ್ಲಾಯಿ ಕೋಟೆಯ ಬುಡದ ಹಳ್ಳಿಯಲ್ಲಿ ಇಂದಿಗೂ ಕೆಲವು ಮನೆಗಳಲ್ಲಿ ಪೋರ್ಚುಗೀಸ್ ಬೆರೆತ ಭಾಷೆಯೊಂದು ಬದುಕಿದೆ. ಮುಂದೆ ಕಾಶೀದ್, ಮುರುಡ್, ನೀರಿನ ನಡುವೆ ಸಿದ್ದಿಗಳ ಜಂಜೀರಾ ಕೋಟೆ. ಅಗರದಾಂಡಾದಲ್ಲಿ ಬೋಟು ಹತ್ತಿ ದಿಘಿಯಲ್ಲಿ ಇಳಿದರೆ ದಿವೇಆಗರ್, ಶ್ರೀವರ್ಧನ. ಇಲ್ಲಿ ನಾನು ಬೈಕ್ ನಿಲ್ಲಿಸಿ ಸುಮ್ಮನೆ ನೋಡಿದೆ. ಅಡಿಕೆ ತೋಟ, ತೆಂಗು, ತೋಟದ ನಡುವೆ ಸಣ್ಣ ಓಣಿ, ಓಣಿಯ ಕೊನೆಗೆ ಹೆಂಚಿನ ಮನೆ. ಶ್ರೀವರ್ಧನದ 'ರೋಠಾ' ಅಡಿಕೆಗೆ ಮುಂಬಯಿ ಮಾರುಕಟ್ಟೆಯಲ್ಲಿ ಹೆಸರಿದೆ. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ಬಂದಾಗ ಈ ತೋಟಗಳು ನೆಲಕಚ್ಚಿದವು. ನಾವು ಉಳಿದುಕೊಂಡ ಮನೆಯ ಯಜಮಾನರು ಹೊಸ ಗಿಡಗಳನ್ನು ತೋರಿಸಿ, ಮರ ಫಸಲಿಗೆ ಬರಲು ಎಷ್ಟು ವರ್ಷ ಬೇಕು ನಿಮಗೇ ಗೊತ್ತಲ್ಲ ಎಂದರು. ಅಡಿಕೆಯ ಊರಿನವನೆಂದು ನಾನು ಆಗಲೇ ಹೇಳಿಕೊಂಡಿದ್ದೆ. ಮರಾಠಿಯಲ್ಲಿ ಶುರುವಾದ ಮಾತು ಕೊಳೆರೋಗ, ಕೊನೆ ಕೊಯ್ಯುವವರ ಅಭಾವ ಎಂದು ಅರ್ಧ ರಾತ್ರಿಯವರೆಗೂ ನಡೆಯಿತು.

ತರ, ತಾರಿ, ಜಂಗಲ್

ಎರಡನೆಯ ದಿನ ಮೂರು ಖಾಡಿ. ಬಾಗಮಾಂಡ್ಲಾದಿಂದ ವೇಶ್ವಿಗೆ ಸಾವಿತ್ರಿ ನದಿಯ ಮೇಲೆ, ದಾಭೋಳದಿಂದ ಧೋಪಾವೆಗೆ ವಾಶಿಷ್ಠಿಯ ಮೇಲೆ, ತವಸಾಳದಿಂದ ಜಯಗಡಕ್ಕೆ ಶಾಸ್ತ್ರಿಯ ಮೇಲೆ. ನಡುವೆ ಹರ್ಣೈ ಬಂದರಿನ ಮೀನು ಹರಾಜು, ಗುಹಾಗರದ ದಂಡೆ, ಹೆದವಿ. ಸಂಜೆ ಆರೆ–ವಾರೆಯ ಗುಡ್ಡದ ಅಂಚಿನ ರಸ್ತೆಯಲ್ಲಿ ಕಡಲನ್ನು ಕಾಲಬುಡದಲ್ಲಿ ನೋಡುತ್ತ ರತ್ನಾಗಿರಿ.

ದಾಭೋಳ ಕನ್ನಡಿಗರು ಒಮ್ಮೆ ನಿಂತು ನೋಡಬೇಕಾದ ಊರು. ಬಹಮನಿಗಳಿಗೂ ಆಮೇಲೆ ವಿಜಯಪುರದ ಆದಿಲ್‌ಶಾಹಿಗೂ ಇದು ದೊಡ್ಡ ಬಂದರು. ಗೋಳಗುಮ್ಮಟದ ನಾಡಿನ ಸರಕು ಘಟ್ಟ ಇಳಿದು ಹಡಗು ಹತ್ತುತ್ತಿದ್ದ ಜಾಗ. ಧಕ್ಕೆಯ ಹತ್ತಿರವೇ ಆ ಕಾಲದ ಕಲ್ಲಿನ ಮಸೀದಿ ನಿಂತಿದೆ, ಗುಮ್ಮಟ ನೋಡಿದರೆ ವಿಜಯಪುರದ ನೆನಪಾಗುತ್ತದೆ. ಈಗ ಅಲ್ಲಿ ಗಡಿಬಿಡಿ ಏನಿದ್ದರೂ ಬೋಟಿನ ಸಮಯಕ್ಕೆ ಮಾತ್ರ.

ಬೋಟು ದಾಟುವುದಕ್ಕೆ ಮರಾಠಿಯಲ್ಲಿ 'ತರ' ಎನ್ನುತ್ತಾರೆ. ನಮ್ಮ ಉತ್ತರ ಕನ್ನಡದಲ್ಲಿ ಅದೇ 'ತಾರಿ'. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿ ಬಸ್ಸು, ಲಾರಿ ದಾಟಿಸುತ್ತಿದ್ದುದಕ್ಕೆ ಅಪ್ಪಯ್ಯ 'ಜಂಗಲ್' ಎನ್ನುತ್ತಾರೆ. ಅವರು ಹುಡುಗರಾಗಿದ್ದಾಗ ನಮ್ಮ ಕರಾವಳಿಯಲ್ಲೂ ಹೊಳೆಗಳಿಗೆ ಸೇತುವೆ ಆಗಿರಲಿಲ್ಲ. ಒಂದು ಹೊಳೆ ದಾಟಿ ಇನ್ನೊಂದು ಬಸ್ಸು ಹಿಡಿಯಬೇಕಿತ್ತು. ಹದಿನೈದರ ವಯಸ್ಸಿನಲ್ಲಿ ಮುಂಬಯಿಯ ಹೋಟೆಲ್ ಕೆಲಸಕ್ಕೆ ಬರುವಾಗ ಅವರು ಕರಾವಳಿಯ ದಾರಿ ಬಿಟ್ಟು ಘಟ್ಟ ಹತ್ತಿ ಹುಬ್ಬಳ್ಳಿ, ಬೆಳಗಾವಿ, ಪುಣೆ ಮೇಲೆ ಬಂದದ್ದು ಅದಕ್ಕೇ. ನಾನು ಬಾಗಮಾಂಡ್ಲಾದ ಬೋಟಿನಿಂದ ಕಳಿಸಿದ ವಿಡಿಯೋ ನೋಡಿ ಅವರ ಸಿಟ್ಟು ಇಳಿಯಿತು. ಫೋನ್ ಮಾಡಿ, "ಅಲ್ ಇನ್ನೂ ಜಂಗಲ್ ಇತ್ತಾ?" ಎಂದು ಎರಡು ಸಲ ಕೇಳಿದರು.

ಈಗ ಇದೆ. ಇನ್ನೆಷ್ಟು ದಿನ ಎಂಬುದೇ ಪ್ರಶ್ನೆ. ರೇವಸ್‌ನಿಂದ ಗೋವಾ ಗಡಿಯ ರೆಡ್ಡಿಯವರೆಗೆ ಸಾಗರಿ ಮಹಾಮಾರ್ಗ ಎಂಬ ಕನಸು 1980ರ ದಶಕದ ಆರಂಭದಲ್ಲಿ ಮುಖ್ಯಮಂತ್ರಿಯಾಗಿದ್ದ ಎ. ಆರ್. ಅಂತುಲೆ ಅವರ ಕಾಲದ್ದು. ನಲವತ್ತು ವರ್ಷ ತುಂಡು ತುಂಡಾಗಿ ಉಳಿದಿದ್ದ ಆ ರಸ್ತೆಯನ್ನು ಮಹಾರಾಷ್ಟ್ರ ರಾಜ್ಯ ರಸ್ತೆ ಅಭಿವೃದ್ಧಿ ನಿಗಮ ಈಗ ಕೈಗೆತ್ತಿಕೊಂಡಿದೆ. ದಿಘಿ, ಬಾಣಕೋಟ, ದಾಭೋಳ, ಜಯಗಡ, ಹೀಗೆ ದೊಡ್ಡ ಖಾಡಿಗಳಿಗೆಲ್ಲ ಸೇತುವೆಗಳು ಈ ಯೋಜನೆಯಲ್ಲಿವೆ. ಅವು ಮುಗಿದ ದಿನ ಈ ದಾರಿಯ ಬೋಟುಗಳು ಒಂದೊಂದಾಗಿ ದಡ ಸೇರುತ್ತವೆ.

ಬೈಕಿನಲ್ಲಿ ಬಂದ ನನಗೆ ಇದು ಬೇಸರದ ಸುದ್ದಿ. ಹೆಲ್ಮೆಟ್ ತೆಗೆದು, ಗಾಳಿಗೆ ಮುಖ ಒಡ್ಡಿ, ಹತ್ತು ಹದಿನೈದು ನಿಮಿಷ ಏನೂ ಮಾಡದೆ ನಿಲ್ಲುವುದು ಆರು ದಿನಗಳ ಪ್ರವಾಸದಲ್ಲಿ ನನಗೆ ಅತಿ ಹಿಡಿಸಿದ್ದು. ಇದನ್ನು ತವಸಾಳದ ಬೋಟಿನಲ್ಲಿ ಪಕ್ಕ ನಿಂತಿದ್ದ ಹೆಂಗಸೊಬ್ಬರಿಗೆ ಹೇಳಿದೆ. ಅವರ ಕೈಯಲ್ಲಿ ಆಸ್ಪತ್ರೆಯ ಫೈಲಿತ್ತು. ಅತ್ತೆಯನ್ನು ರತ್ನಾಗಿರಿಗೆ ಕರೆದುಕೊಂಡು ಹೊರಟಿದ್ದರು. "ನಿಮಗೆ ಚೆಂದವೇ ಅಣ್ಣ. ರಾತ್ರಿ ಹೊತ್ತು ಮನೆಯಲ್ಲಿ ಯಾರಿಗಾದರೂ ಹೆಚ್ಚುಕಡಿಮೆಯಾದರೆ ಬೋಟು ಬರುವುದಿಲ್ಲ. ಆಚೆ ದಡದ ದೀಪ ನೋಡುತ್ತ ಬೆಳಗು ಮಾಡಬೇಕು" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಮಳೆ ಬಂದರೆ ಕೊಡೆ ಬೇಕು ಎನ್ನುವ ಹಾಗೆ ಹೇಳಿದರು.

ನಮ್ಮ ಸಿಗಂದೂರಿನ ಲಾಂಚ್ ನೆನಪಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ತುಂಬಿದ ಮೇಲೆ ತುಮರಿ ಕಡೆಯ ಊರುಗಳು ಸಾಗರದಿಂದ ಕಡಿದುಹೋದವು. ನಾವೆಲ್ಲ ದೇವಸ್ಥಾನಕ್ಕೆ ಹೋಗುವಾಗ ಅಂಬಾರಗೋಡ್ಲಿನಲ್ಲಿ ಲಾಂಚ್ ಹತ್ತಿ ಫೋಟೋ ತೆಗೆದುಕೊಂಡವರೇ. ಅಲ್ಲಿಯವರು ದಶಕಗಳ ಕಾಲ ಸೇತುವೆ ಕೇಳುತ್ತಲೇ ಇದ್ದರು. ನಾಡಿಗೆ ಬೆಳಕು ಕೊಡಲು ನೆಲ ಬಿಟ್ಟುಕೊಟ್ಟವರು ಒಂದು ಬಾಣಂತಿಯನ್ನು ಆಸ್ಪತ್ರೆಗೆ ಸೇರಿಸಲು ಲಾಂಚಿನ ವೇಳೆ ನೋಡಬೇಕಿತ್ತು. 2025ರ ಜುಲೈ 14ರಂದು 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಯಿತು. ಲಾಂಚ್ ಹೋಯಿತಲ್ಲ ಎಂದು ಬೆಂಗಳೂರಿನಲ್ಲೂ ಮುಂಬಯಿಯಲ್ಲೂ ಕೂತು ಮರುಗಿದವರುಂಟು. ತುಮರಿಯಲ್ಲಿ ಅಂದು ಹಬ್ಬ.

ಹಾಗಾಗಿ ಸೇತುವೆ ಬೇಡ ಎನ್ನುವ ಹಕ್ಕು ನನಗಿಲ್ಲ. ಒಂದು ಕೇಳಿಕೆ ಮಾತ್ರ ಇದೆ: ಆ ಸೇತುವೆಗಳ ಮೇಲೆ ಬೈಕಿಗೂ ಸ್ಕೂಟರಿಗೂ ಜಾಗವಿರಲಿ. ಖಾಡಿಯ ಎರಡೂ ದಡದ ಹಳ್ಳಿಯವರಲ್ಲಿ ಹೆಚ್ಚಿನವರು ಓಡಾಡುವುದು ಅದರಲ್ಲೇ. ಮುಂಬಯಿಯ ಸೇತುವೆಗಳ ನಿಯಮ ಅಲ್ಲಿಯೂ ಬಂದರೆ ಆ ಹೆಂಗಸಿಗೆ ಸೇತುವೆ ಬಂದೂ ಬಾರದಂತೆ.

ಮುರಕಲ್ಲಿನ ಮೇಲೆ

ಮೂರನೆಯ ದಿನ ರತ್ನಾಗಿರಿಯಿಂದ ಮಾಲವಣ. ಬರ್ಮಾದ ಕೊನೆಯ ದೊರೆ ಥೀಬಾ ಸೆರೆಯಲ್ಲಿದ್ದು 1916ರಲ್ಲಿ ತೀರಿಕೊಂಡ ಊರು ರತ್ನಾಗಿರಿ. ಅವನ ಅರಮನೆ ಇನ್ನೂ ಇದೆ. ಪಾವಸ್, ಪೂರ್ಣಗಡ ದಾಟಿದರೆ ದಾರಿ ಬೋಳು ಬಯಲಿಗೆ ಹತ್ತುತ್ತದೆ. ಕೆಂಪು ಮುರಕಲ್ಲಿನ ಹಾಸು, ಅದರ ಮೇಲೆ ಒಣಗಿದ ಹುಲ್ಲು. ನಮ್ಮಲ್ಲಿ ಪದವು ಎನ್ನುತ್ತೇವಲ್ಲ, ಅದೇ. ಅವರಿಗೆ ಸಡಾ. ಈ ಹಾಸುಗಳ ಮೇಲೆ ಸಾವಿರಾರು ವರ್ಷ ಹಿಂದಿನ ಜನ ಕೊರೆದ ಆನೆ, ಮೀನು, ಮನುಷ್ಯರ ದೊಡ್ಡ ದೊಡ್ಡ ಚಿತ್ರಗಳಿವೆ. ಊರವರು ದನ ಮೇಯಿಸುತ್ತ ನೋಡಿಕೊಂಡೇ ಬಂದಿದ್ದ ಇವು 2022ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದವು. ಕಶೇಳಿಯ ಆನೆ ರಸ್ತೆಯಿಂದ ಹೆಚ್ಚು ದೂರವಿಲ್ಲ. ಅದರ ಪಕ್ಕ ನಿಂತರೆ ಆನೆ ಕಾಣುವುದಿಲ್ಲ, ಬರೀ ಗೆರೆ ಕಾಣುತ್ತದೆ. ಸುತ್ತ ನಡೆದ ಮೇಲೆ ಮೆಲ್ಲಗೆ ಸೊಂಡಿಲು ತಿಳಿಯುತ್ತದೆ.

ಈ ಭಾಗದಲ್ಲೇ ಗೆಳೆಯನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಹತ್ತಿರ ಅಂಗಡಿ ಇಲ್ಲ. ಮೀನಿನ ಟೆಂಪೋದವನೊಬ್ಬ ನಿಲ್ಲಿಸಿ, ನಮ್ಮ ಕಿಟ್ಟನ್ನು ಕಿತ್ತುಕೊಂಡು, ಐದು ನಿಮಿಷದಲ್ಲಿ ರಬ್ಬರ್ ತುರುಕಿ ಕೊಟ್ಟ. ದುಡ್ಡು ಮುಟ್ಟಲಿಲ್ಲ. ಎಲ್ಲಿಯವರು ಎಂದ. ಕುಂದಾಪುರ ಎಂದೆ. "ಹಾಗಾದರೆ ಗಂಗೊಳ್ಳಿ ಗೊತ್ತಾ? ಅಲ್ಲಿ ನಮ್ಮ ಬೋಟಿನವರಿದ್ದಾರೆ" ಎಂದ. ನಮಗೆ ದೂರದ ಊರು ಎನಿಸುವುದು ಮೀನಿನವರಿಗೆ ಒಂದೇ ಕಡಲಿನ ಎರಡು ಬಂದರು.

ಮಾಲವಣದಲ್ಲಿ ಬೆಳಗಿನ ತಿಂಡಿಗೆ ಘಾವಣೆ ಬಂತು. ನಮ್ಮ ನೀರುದೋಸೆಯ ಅಕ್ಕ. ಊಟಕ್ಕೆ ಸೋಲ್‌ಕಢಿ, ಅಂದರೆ ನಮ್ಮ ಮುರುಗಲಿನ ಸಾರಿಗೆ ತೆಂಗಿನ ಹಾಲು ಬೆರೆಸಿದ್ದು.

ಘಟ್ಟದ ನೀರು

ಇಲ್ಲಿಂದ ನೇರ ಗೋವಾ ದಾಟಿ ಕಾರವಾರ ಸೇರಬಹುದಿತ್ತು. ನಾವು ಸಾವಂತವಾಡಿಯಿಂದ ಆಂಬೋಲಿ ಘಟ್ಟ ಹತ್ತಿದೆವು. ಗೆಳೆಯನ ಹಟ. ಕಡಲಮಟ್ಟದಿಂದ ಏಳು ನೂರು ಮೀಟರಿನ ಹತ್ತಿರಕ್ಕೆ ಒಂದೇ ಉಸಿರಿಗೆ ಏರುವ ತಿರುವುಗಳು. ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಆಂಬೋಲಿ ಒಂದು. ನವೆಂಬರಿನಲ್ಲೂ ಬಂಡೆಯಿಂದ ನೀರು ಒಸರುತ್ತಿತ್ತು. ಮೇಲೆ ಒಂದು ಗುಹೆಯ ಹತ್ತಿರ ಹಿರಣ್ಯಕೇಶಿ ಹುಟ್ಟುತ್ತದೆ. ಅದು ಪೂರ್ವಕ್ಕೆ ಹರಿದು ಸಂಕೇಶ್ವರ ದಾಟಿ ಘಟಪ್ರಭೆಗೆ ಸೇರಿ, ಗೋಕಾಕ ಜಲಪಾತದಲ್ಲಿ ಧುಮುಕುತ್ತದೆ. ಗೆಳೆಯ ಬೂಟು ಬಿಚ್ಚಿ ನೀರಿಗಿಳಿದು, "ಏ, ಇದ ನಮ್ಮೂರ ನೀರಲೇ! ಸಣ್ಣಾಂವ ಇದ್ದಾಗಿಂದ ಇದನ್ನ ಕುಡದೀನಿ" ಎಂದು ಕೂಗಿದ. ಅದೇ ಗುಡ್ಡದ ಈಚೆ ಬಿದ್ದ ಮಳೆ ಅರಬ್ಬೀ ಸಮುದ್ರಕ್ಕೆ, ಆಚೆ ಬಿದ್ದದ್ದು ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ. ಮೊದಲ ಮೂರು ದಿನದ ದಾರಿ ನನ್ನ ಊರಿನದಾದರೆ ನಾಲ್ಕನೆಯ ದಿನ ಅವನದು.

ಚಂದಗಡದ ಬಯಲು ದಾಟಿ ಶಿನೋಳಿ ಬಿಟ್ಟ ಮೇಲೆ ಬೋರ್ಡುಗಳಲ್ಲಿ ಕನ್ನಡ ಕಾಣಿಸಿತು. ರಾತ್ರಿ ಬೆಳಗಾವಿ. ಮರುದಿನ ಖಾನಾಪುರ, ರಾಮನಗರ, ಜೋಯಿಡಾ ಮೇಲಿಂದ ಅಣಶಿ ಘಟ್ಟ ಇಳಿದು ಕಾರವಾರ. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಹಗಲಿನಲ್ಲೇ ದಾಟಬೇಕು, ನಡುವೆ ಗಾಡಿ ನಿಲ್ಲಿಸಿ ತಿಂಡಿ ಪೊಟ್ಟಣ ಬಿಚ್ಚಬಾರದು. ಬ್ರಿಟಿಷರು 1862ರಲ್ಲಿ ಕೆನರಾದ ಉತ್ತರದ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದ ಮೇಲೆ 1956ರವರೆಗೂ ಕಾರವಾರಕ್ಕೆ ರಾಜಧಾನಿ ಮುಂಬಯಿಯೇ.

ಕಾರವಾರದಲ್ಲಿ ಕಾಳಿಯ ಮೇಲಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು. ಚಾಲಕ ಬದುಕಿದ. ಅದಕ್ಕೆ ಮೂರು ವಾರ ಮೊದಲು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೂ ಜೀವಗಳೂ ಹೋದವು. 2016ರ ಆಗಸ್ಟ್‌ನಲ್ಲಿ ಮಹಾಡದ ಬಳಿ ಸಾವಿತ್ರಿಯ ಹಳೆಯ ಸೇತುವೆ ಬಸ್ಸುಗಳ ಸಮೇತ ಕೊಚ್ಚಿಹೋದದ್ದು ನಮಗೆಲ್ಲ ನೆನಪಿದೆ. ಸೇತುವೆ ಕಟ್ಟಿದ ಮೇಲೆ ಕೆಲಸ ಮುಗಿಯಲಿಲ್ಲ, ಅದನ್ನು ನೋಡಿಕೊಳ್ಳುವ ಕೆಲಸ ಅಂದೇ ಶುರು. ನಾವು ನಿದ್ದೆಯಲ್ಲಿ ದಾಟುವ ದಾರಿಯಲ್ಲಿ ಇಂಥವು ಎಷ್ಟಿವೆ ಎಂಬುದು ಎಚ್ಚರವಿದ್ದು ಹೋದಾಗಲೇ ಗಮನಕ್ಕೆ ಬಂದದ್ದು.

ಕೊನೆಯ ದಿನ ಗಂಗಾವಳಿ, ಅಘನಾಶಿನಿ, ಶರಾವತಿ. ಹೊನ್ನಾವರದ ಮೇಲೆ ಮುರುಡೇಶ್ವರ, ಭಟ್ಕಳ. ಆಮೇಲೆ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ ಇರುವ ಮರವಂತೆ. ಅಲ್ಲಿಂದ ಮನೆ ಅರ್ಧ ಗಂಟೆ.

ಹೋಗುವವರಿಗೆ ನಾಲ್ಕು ಮಾತು

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಬೇಡ, ಘಟ್ಟದಲ್ಲಿ ಮಂಜು, ರಸ್ತೆಯಲ್ಲಿ ಪಾಚಿ, ಬೋಟುಗಳು ಗಾಳಿ ನೋಡಿಕೊಂಡು ಹೊರಡುತ್ತವೆ. ದೊಡ್ಡ ಬೈಕೇ ಬೇಕೆಂದಿಲ್ಲ. ನಮ್ಮದು 350 ಸಿಸಿಯದು, ದಾರಿಯಲ್ಲಿ 125 ಸಿಸಿಯಲ್ಲಿ ಬಂದ ಹುಡುಗರೂ ಸಿಕ್ಕರು. ದಿನಕ್ಕೆ ಇನ್ನೂರು ಕಿಲೋಮೀಟರಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ, ರಸ್ತೆ ಕಿರಿದು, ತಿರುವು ಹೆಚ್ಚು. ಕಡಲ ದಾರಿಯಲ್ಲಿ ಪೆಟ್ರೋಲ್ ಪಂಪುಗಳು ದೂರ ದೂರ. ಅರ್ಧ ಟ್ಯಾಂಕು ಆದಾಗಲೇ ತುಂಬಿಸಿ. ಕೊನೆಯ ಬೋಟಿನ ಸಮಯವನ್ನು ಹಿಂದಿನ ಊರಿನಲ್ಲೇ ಕೇಳಿಕೊಳ್ಳಿ. ಚಿಲ್ಲರೆ, ಪಂಕ್ಚರ್ ಕಿಟ್, ಒಳ್ಳೆಯ ಹೆಲ್ಮೆಟ್ ಇರಲಿ. ಕತ್ತಲಾದ ಮೇಲೆ ಓಡಿಸಬೇಡಿ.

ಬೈಕ್ ಬಾರದವರು ಕಾರಿನಲ್ಲೂ ಹೋಗಬಹುದು, ಬೋಟುಗಳು ಕಾರನ್ನೂ ಒಯ್ಯುತ್ತವೆ. ಆರು ದಿನ ರಜೆ ಸಿಗದವರು ಶ್ರೀವರ್ಧನದವರೆಗೆ ಹೋಗಿ ಬಂದರೂ ಸಾಕು. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಒಂದು ಖಾಡಿಯನ್ನಾದರೂ ಬೋಟಿನಲ್ಲಿ ದಾಟಿಸಿ. ಜಂಗಲ್ ಎಂಬ ಮಾತು ಗೊತ್ತಿರುವವರು ಮುಗಿಯುವ ಮೊದಲು, ಸೇತುವೆಗಳು ಮುಗಿಯುವ ಮೊದಲು. ಅಪ್ಪಯ್ಯನಿಗೆ ಈ ಫೆಬ್ರವರಿಗೆ ದಿಘಿಯ ಬೋಟೆಂದು ಮಾತು ಕೊಟ್ಟಾಗಿದೆ. ಬೈಕಿನಲ್ಲಲ್ಲ, ಕಾರಿನಲ್ಲಿ ಎಂಬ ಷರತ್ತು ಅವರದ್ದು.